ಅವನು ಬರೆದದ್ದೂ ಅರ್ಥಶಾಸ್ತ್ರವೇ

2019ರ ಮಾರ್ಚ್ ತಿಂಗಳಲ್ಲಿ ಗದಗದಿಂದ ಒಂದು ಸುದ್ದಿ ಬಂತು. ಪ್ರಥಮ ಪಿಯುಸಿ ಓದುತ್ತಿದ್ದ ಹುಡುಗನೊಬ್ಬ ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆಗಳನ್ನು ಬದಿಗಿಟ್ಟು, ಪಬ್‌ಜಿ ಎಂಬ ಆಟವನ್ನು ಮೊಬೈಲಿಗೆ ಇಳಿಸಿಕೊಳ್ಳುವುದು ಹೇಗೆ, ಆಡುವುದು ಹೇಗೆ ಎಂದು ಉತ್ತರಪತ್ರಿಕೆಯಲ್ಲಿ ಬರೆದಿಟ್ಟು ಬಂದಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದವನಂತೆ. ಇಲ್ಲಿ ಫೇಲಾದ. ಸುದ್ದಿ ಗದಗಿನಲ್ಲಿ ನಿಲ್ಲಲಿಲ್ಲ. ಬೆಂಗಳೂರು, ದಿಲ್ಲಿಯ ಪತ್ರಿಕೆಗಳೂ ಅದನ್ನು ಪ್ರಕಟಿಸಿದವು. ಓದಿದವರು ನಕ್ಕರು. ಮೂಗಿನ ಮೇಲೆ ಬೆರಳಿಟ್ಟರು. "ಇಂದಿನ ಮಕ್ಕಳೇ ಹೀಗೆ" ಎಂದು ತೀರ್ಪು ಕೊಟ್ಟು ಪತ್ರಿಕೆ ಮಡಚಿದರು.

ನಕ್ಕವರಲ್ಲಿ ಎಷ್ಟು ಮಂದಿ ಆ ಆಟವನ್ನು ಒಮ್ಮೆಯಾದರೂ ಕಣ್ಣಿಟ್ಟು ನೋಡಿದ್ದರು? ಆ ಹುಡುಗ ಬರೆದದ್ದೂ ಅರ್ಥಶಾಸ್ತ್ರವೇ. ನಮ್ಮ ಪಠ್ಯಪುಸ್ತಕದಲ್ಲಿ ಇನ್ನೂ ಸೇರದ ಅಧ್ಯಾಯ ಅದು, ಅಷ್ಟೇ. ಮೌಲ್ಯಮಾಪಕರು ಫೇಲು ಮಾಡಿದ್ದು ನಿಯಮದ ಪ್ರಕಾರ ಸರಿ. ಆದರೆ ಆ ಅಧ್ಯಾಯವನ್ನು ಓದಲು ನಿರಾಕರಿಸಿದ ನಮಗೆ ಎಷ್ಟು ಅಂಕ ಕೊಡಬೇಕು?

ಆಟ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ನೂರು ಜನ ಒಂದು ವಿಮಾನದಲ್ಲಿ ಹೊರಡುತ್ತಾರೆ. ಕೆಳಗೊಂದು ದ್ವೀಪ. ಪ್ಯಾರಾಚೂಟ್ ಕಟ್ಟಿಕೊಂಡು ತಮಗೆ ಬೇಕಾದಲ್ಲಿ ಜಿಗಿಯುತ್ತಾರೆ. ಇಳಿದಾಗ ಕೈ ಬರಿದು. ಪಾಳುಬಿದ್ದ ಮನೆಗಳಿಗೆ ನುಗ್ಗಿ ಬಂದೂಕು, ಗುಂಡು, ಹೆಲ್ಮೆಟ್ಟು, ಔಷಧಿ ಹುಡುಕಿಕೊಳ್ಳಬೇಕು. ಎರಾಂಗೆಲ್ ಎಂಬ ಮೊದಲ ದ್ವೀಪ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ಗದಗ ಮತ್ತು ಬೆಟಗೇರಿಯ ಓಣಿಗಳನ್ನೆಲ್ಲ ತಂದು ಅದರೊಳಗೆ ಇಟ್ಟರೂ ಇನ್ನೂ ಹೊಲಕ್ಕೆ ಜಾಗ ಉಳಿದೀತು. ಅಷ್ಟು ದೊಡ್ಡ ಬಯಲಿನ ಸುತ್ತ ನೀಲಿ ಬಣ್ಣದ ಒಂದು ವರ್ತುಲ ಇರುತ್ತದೆ. ಅದು ಕೆಲವು ನಿಮಿಷಗಳಿಗೊಮ್ಮೆ ಕುಗ್ಗುತ್ತದೆ. ವರ್ತುಲದ ಹೊರಗೆ ಉಳಿದವನ ಜೀವ ತಾನಾಗಿಯೇ ಸೋರಿಹೋಗುತ್ತದೆ. ಹಾಗಾಗಿ ಅಡಗಿ ಕೂರುವಂತಿಲ್ಲ, ಓಡಿ ತಪ್ಪಿಸಿಕೊಳ್ಳುವಂತಿಲ್ಲ. ಸುಮಾರು ಅರ್ಧ ಗಂಟೆಯಲ್ಲಿ ನೂರು ಜನರನ್ನು ಒಂದು ಅಂಗಳದಷ್ಟು ಜಾಗಕ್ಕೆ ದೂಡಿ ತರಲಾಗುತ್ತದೆ. ಕೊನೆಗೆ ಉಳಿದವನೇ, ಅಥವಾ ಉಳಿದ ತಂಡವೇ, ವಿಜಯಿ.

ಇದನ್ನು ಒಬ್ಬನೇ ಆಡಬಹುದು, ಇಬ್ಬರು ಕೂಡಿ ಆಡಬಹುದು. ಆದರೆ ಹುಡುಗರು ಹಂಬಲಿಸುವುದು ನಾಲ್ವರ ತಂಡಕ್ಕೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ನಾಲ್ವರೂ ಒಬ್ಬರಿಗೊಬ್ಬರು ಮಾತಾಡಬಹುದು. ಒಬ್ಬನಿಗೆ ಗುಂಡು ತಗುಲಿದರೆ ಅವನು ಕೂಡಲೇ ಸಾಯುವುದಿಲ್ಲ. ಮೊಣಕಾಲೂರಿ ತೆವಳುತ್ತಾನೆ. ಗೆಳೆಯ ಬಂದು ಕೆಲವು ಕ್ಷಣ ಪಕ್ಕದಲ್ಲಿ ಕುಳಿತು ಉಪಚರಿಸಿದರೆ ಎದ್ದು ನಿಲ್ಲುತ್ತಾನೆ. ಆ ಕೆಲವು ಕ್ಷಣ ಗೆಳೆಯನ ಬೆನ್ನು ಶತ್ರುವಿನ ಗುಂಡಿಗೆ ತೆರೆದಿರುತ್ತದೆ. ಬರಲೋ ಬೇಡವೋ? "ಲೇ, ನನ್ನ ಎಬ್ಬಸೋ" ಎಂಬ ಕೂಗು ರಾತ್ರಿ ಹನ್ನೊಂದಕ್ಕೆ ಯಾವುದೋ ಮನೆಯ ಮಾಳಿಗೆಯಿಂದ ಕೇಳಿಬಂದರೆ ಅದರ ಅರ್ಥ ಇದು. ಇದರ ಸೆಳೆತವನ್ನು ಒಪ್ಪಿಕೊಳ್ಳದೆ ಇದರ ವಿರುದ್ಧ ಮಾತಾಡುವುದು ನಿರರ್ಥಕ.

ಇಷ್ಟಕ್ಕೂ ಇದು ಚಿಕ್ಕ ಯುದ್ಧ. 2002ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 1942 ಎಂಬ ಆಟದಲ್ಲಿ 64 ಜನ ಎರಡು ಸೈನ್ಯಗಳಾಗಿ ಕಾದಾಡುತ್ತಿದ್ದರು. 2015ರ ಜನವರಿಯಲ್ಲಿ ಪ್ಲಾನೆಟ್‌ಸೈಡ್ 2 ಎಂಬ ಆಟದಲ್ಲಿ ಒಂದೇ ಕಾಳಗದಲ್ಲಿ 1,158 ಜನ ಸೇರಿ ಗಿನ್ನೆಸ್ ದಾಖಲೆ ಬರೆದರು. ಅವೆಲ್ಲ ದೊಡ್ಡ ಕಂಪ್ಯೂಟರ್ ಇದ್ದವರ ಆಟಗಳು; ಮುಂಡರಗಿಯ ಹುಡುಗನಿಗೆ ಎಟುಕುವಂಥವಲ್ಲ. ಪಬ್‌ಜಿ ಕೂಡ 2017ರಲ್ಲಿ ಕಂಪ್ಯೂಟರಿನಲ್ಲೇ ಹುಟ್ಟಿತು. 2018ರ ಮಾರ್ಚಿನಲ್ಲಿ ಚೀನಾದ ಟೆನ್ಸೆಂಟ್ ಕಂಪೆನಿ ಅದನ್ನು ಮೊಬೈಲಿಗೆ ಇಳಿಸಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾವನ್ನು ಚಹಾಕ್ಕಿಂತ ಅಗ್ಗ ಮಾಡಿಟ್ಟಿತ್ತು. ಒಂದು ವರ್ಷ ಕಳೆಯುವುದರೊಳಗೆ ಗದಗಿನ ಉತ್ತರಪತ್ರಿಕೆ! ಪಬ್‌ಜಿ ಓಡದ ಅಗ್ಗದ ಮೊಬೈಲುಗಳಿಗೆ ಫ್ರೀ ಫೈರ್ ಇತ್ತು. ಅದರಲ್ಲಿ ಐವತ್ತು ಜನ, ಹತ್ತು ನಿಮಿಷದ ಯುದ್ಧ.

ಈಗ ಅರ್ಥಶಾಸ್ತ್ರಕ್ಕೆ ಬರೋಣ. ಆಟ ಉಚಿತ. ಉಚಿತವಾದ ಸರಕಿನಿಂದ ಕಂಪೆನಿ ಬದುಕುವುದು ಹೇಗೆ? ಮೊದಲ ಕೆಲವು ಆಟಗಳಲ್ಲಿ ಎದುರಿಗೆ ಬರುವ ಶತ್ರುಗಳಲ್ಲಿ ಬಹಳಷ್ಟು ಮಂದಿ ಮನುಷ್ಯರೇ ಅಲ್ಲ, ಯಂತ್ರ ನಡೆಸುವ ಬೊಂಬೆಗಳು. ಸುಲಭವಾಗಿ ಸಾಯುತ್ತವೆ. ಹೊಸಬನಿಗೆ ತಾನು ಜನ್ಮಜಾತ ಗುರಿಕಾರನೆಂಬ ಭ್ರಮೆ ಹುಟ್ಟುತ್ತದೆ. ಆಮೇಲೆ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ, ವಜ್ರ ಎಂದು ಮೆಟ್ಟಿಲುಗಳು. ಒಂದೆರಡು ತಿಂಗಳಿಗೊಮ್ಮೆ ಹೊಸ ಸೀಸನ್ ಎಂದು ಹೇಳಿ ಹತ್ತಿದವರನ್ನು ಕೆಳಗೆ ತಳ್ಳುತ್ತಾರೆ, ಮತ್ತೆ ಹತ್ತಬೇಕು. ದಿನವೂ ಹಾಜರಿ ಹಾಕಿದರೆ ಬಹುಮಾನ, ತಪ್ಪಿಸಿದರೆ ನಷ್ಟ. ಬಂದೂಕಿಗೆ ಬಣ್ಣದ ಹೊದಿಕೆ, ಮೈಗೆ ಹೊಸ ಉಡುಪು ಬೇಕಿದ್ದರೆ ದುಡ್ಡು ಕೊಟ್ಟು ಆಟದೊಳಗಿನ ನಾಣ್ಯ ಕೊಳ್ಳಬೇಕು. ಆ ನಾಣ್ಯ ಕೊಟ್ಟು ಪೆಟ್ಟಿಗೆ ತೆರೆಯಬೇಕು. ಪೆಟ್ಟಿಗೆಯಲ್ಲಿ ಏನಿದೆ ಎಂದು ತೆರೆಯುವ ತನಕ ಗೊತ್ತಾಗುವುದಿಲ್ಲ. ಜಾತ್ರೆಯಲ್ಲಿ ಚಕ್ರ ತಿರುಗಿಸುವವನನ್ನು ಪೊಲೀಸರು ಹಿಡಿದೊಯ್ಯುತ್ತಾರೆ. ಇಲ್ಲಿ ಚಕ್ರ ಹುಡುಗನ ಅಂಗೈಯಲ್ಲೇ ತಿರುಗುತ್ತದೆ. ಬೆಲ್ಜಿಯಂ ದೇಶ 2018ರಲ್ಲೇ ವಿಡಿಯೋ ಆಟಗಳ ಇಂಥ ಅದೃಷ್ಟಪೆಟ್ಟಿಗೆಗಳನ್ನು ಜೂಜು ಎಂದು ಸಾರಿತು. ಇಸ್ಪೀಟು ಎಲೆ ಕಂಡರೆ ಹರಾಮ್ ಎಂದು ಗುಡುಗುವ ನಮ್ಮ ಎಷ್ಟೋ ಮನೆಗಳಲ್ಲಿ ಈ ಪೆಟ್ಟಿಗೆಯ ಸುದ್ದಿಯೇ ಇಲ್ಲ.

ಕಂಪೆನಿಯವರಿಗೆ ಎಳೆಯರ ಬಗ್ಗೆ ಕಾಳಜಿ ಇಲ್ಲವೆಂದಲ್ಲ! 2021ರ ಜುಲೈಯಲ್ಲಿ ಈ ಆಟ ಭಾರತಕ್ಕೆ ಹೊಸ ಹೆಸರಿನಲ್ಲಿ ಮರಳಿ ಬಂದಾಗ ಹದಿನೆಂಟರ ಒಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಹಾಕಿದರು. ಖರ್ಚಿಗೂ ಮಿತಿ ಹಾಕಿದರು. ಎಷ್ಟು? ದಿನಕ್ಕೆ 7,000 ರೂಪಾಯಿ. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 289 ರೂಪಾಯಿ ಇತ್ತು. ಅಂದರೆ ಶಿರಹಟ್ಟಿಯ ಬಿಸಿಲಿನಲ್ಲಿ ಒಬ್ಬ ತಾಯಿ 24 ದಿನ ಮಣ್ಣು ಹೊತ್ತು ಗಳಿಸುವುದನ್ನು ಮಗ ಒಂದೇ ದಿನದಲ್ಲಿ ಬಂದೂಕಿನ ಬಣ್ಣಕ್ಕೆ ಸುರಿಯಬಹುದು. ಕಂಪೆನಿಯ ಮಟ್ಟಿಗೆ ಅದು ಮಿತಿಯೊಳಗೇ ಇದೆ. ಹಾಗೆಯೇ ರಕ್ತದ ಬಣ್ಣ ಬದಲಾಯಿತು, ಹಸಿರಾಯಿತು. ಇದು ನಿಜವಾದ ಜಗತ್ತಲ್ಲ ಎಂಬ ಎಚ್ಚರಿಕೆಯ ಮಾತೂ ಸೇರಿತು. ರಕ್ತ ಹಸಿರಾದರೆ ಆಟ ಸಂಸ್ಕಾರವಂತವಾಯಿತು ಎಂದು ನಂಬಿದವರು ದೊಡ್ಡವರೇ ಹೊರತು ಮಕ್ಕಳಲ್ಲ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. 2011ರಲ್ಲಿ ದಕ್ಷಿಣ ಕೊರಿಯಾದ ಪೋಸ್ಕೋ ಕಂಪೆನಿಯ ಉಕ್ಕಿನ ಕಾರ್ಖಾನೆಗೆ ಮುಂಡರಗಿ ತಾಲೂಕಿನ ಹಳ್ಳಿಗುಡಿ ಸುತ್ತಲಿನ ಭೂಮಿ ಕೊಡಲು ಸರಕಾರ ಹೊರಟಿತ್ತು. ರೈತರು ಎದ್ದು ನಿಂತರು. ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿ ಅವರ ಜೊತೆ ನಿಂತರು. ಯಡಿಯೂರಪ್ಪನವರ ಸರಕಾರ ಆ ವರ್ಷ ಜುಲೈಯಲ್ಲಿ ಯೋಜನೆಯಿಂದ ಹಿಂದೆ ಸರಿಯಬೇಕಾಯಿತು. ಒಂದು ಕೊರಿಯಾ ಕಂಪೆನಿಯನ್ನು ಊರ ಗಡಿಯಲ್ಲೇ ತಡೆದ ಜನರ ಮನೆಯೊಳಕ್ಕೆ ಏಳು ವರ್ಷದಲ್ಲಿ ಇನ್ನೊಂದು ಕೊರಿಯಾ ಕಂಪೆನಿಯ ಸರಕು ಬಂದು ಕುಳಿತಿತು. ಅದಕ್ಕೆ ಒಂದು ಎಕರೆ ಜಮೀನೂ ಬೇಕಾಗಲಿಲ್ಲ, ಒಂದು ನೋಟೀಸೂ ಬರಲಿಲ್ಲ. ಅದು ವಶಪಡಿಸಿಕೊಂಡದ್ದು ಸಂಜೆಯನ್ನು. ಸಂಜೆಗೆ ಪಹಣಿ ಪತ್ರ ಇಲ್ಲವಲ್ಲ, ಆದ್ದರಿಂದ ಯಾರೂ ತಹಶೀಲ್ದಾರರ ಕಚೇರಿಯ ಮುಂದೆ ಧರಣಿ ಕೂರಲಿಲ್ಲ. ಆಟವನ್ನು ಕಟ್ಟಿದ ಕ್ರಾಫ್ಟನ್ ಕಂಪೆನಿ 2021ರ ಆಗಸ್ಟಿನಲ್ಲಿ ಸಿಯೋಲ್ ಷೇರು ಮಾರುಕಟ್ಟೆ ಸೇರಿತು. ಇದನ್ನೂ ಅರ್ಥಶಾಸ್ತ್ರದ ಉತ್ತರಪತ್ರಿಕೆಗೆ ಸೇರಿಸಬಹುದು.

ನಮ್ಮ ಸರಕಾರಗಳು ಏನು ಮಾಡಿದವು? 2019ರ ಜನವರಿಯಲ್ಲಿ ಪ್ರಧಾನಿ ಮೋದಿಯವರು ವಿದ್ಯಾರ್ಥಿ-ಪಾಲಕರೊಡನೆ ನಡೆಸಿದ ಸಂವಾದದಲ್ಲಿ ಒಬ್ಬ ತಾಯಿ ಮಗನ ಆಟದ ಗೀಳಿನ ಬಗ್ಗೆ ಕೇಳಿದಾಗ, ಅವನು ಪಬ್‌ಜಿಯವನೇ ಎಂದು ಕೇಳಿ ಸಭೆಯನ್ನು ನಗಿಸಿದರು. ಮಾರ್ಚಿನಲ್ಲಿ ರಾಜಕೋಟೆಯ ಪೊಲೀಸರು ಆಟವನ್ನು ನಿಷೇಧಿಸಿ, ಆಡುತ್ತಿದ್ದ ಹುಡುಗರನ್ನು ಬಂಧಿಸಿದರು. ಮಾಡಿದವರು ಶೇರು ಎಣಿಸುತ್ತಿದ್ದರು, ಆಡಿದವರು ಠಾಣೆಯ ಬೆಂಚಿನ ಮೇಲೆ ಕೂತರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ನಿಷೇಧಿಸಿದ 118 ಆಪ್‌ಗಳಲ್ಲಿ ಇದೂ ಒಂದು. ಕಾರಣ ಮಕ್ಕಳಲ್ಲ, ಗಡಿ. ಲಡಾಖಿನಲ್ಲಿ ಚೀನಾದೊಡನೆ ಘರ್ಷಣೆಯಾಗಿತ್ತು. ಕಂಪೆನಿ ಚೀನಾದ ಕೈಬಿಟ್ಟು ಹೆಸರು ಬದಲಿಸಿಕೊಂಡು ಬಂದಾಗ ಬಾಗಿಲು ತೆರೆಯಿತು. 2022ರ ಜುಲೈಯಲ್ಲಿ ಮತ್ತೆ ಮುಚ್ಚಿತು. 2023ರ ಮೇಯಲ್ಲಿ ಮತ್ತೆ ತೆರೆಯಿತು. ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ನಿಷೇಧವಾಯಿತು, ಅದರ ಅಣ್ಣ ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು! 2024ರ ಏಪ್ರಿಲಿನಲ್ಲಿ ಅದೇ ಪ್ರಧಾನಿಯವರು ಆಟಗಾರ ಯುವಕರನ್ನು ಕರೆಸಿ ಕೂರಿಸಿಕೊಂಡು ತಾವೂ ಆಡಿ ತೋರಿಸಿದರು. 2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಆಟಗಳ ಕಾಯಿದೆ ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಉತ್ತೇಜನದ ಮಾತಾಡಿತು. ಮಗನಿಗೆ ದುಡ್ಡು ಗೆಲ್ಲುವ ಆಸೆಯ ಆಟ ಮಾರಿದರೆ ಅಪರಾಧ, ಕಳೆದುಕೊಳ್ಳುವುದಕ್ಕಷ್ಟೇ ಇರುವ ಆಟ ಮಾರಿದರೆ ಕ್ರೀಡೆ. ಇಷ್ಟು ಬಾರಿ ತೆರೆದು ಮುಚ್ಚಿದ ಬಾಗಿಲಿನಲ್ಲಿ ಒಮ್ಮೆಯೂ ಆ ಗದಗಿನ ಹುಡುಗನ ಪ್ರಶ್ನೆ ಒಳಗೆ ಬರಲಿಲ್ಲ.

ಚೀನಾದವರು ಹೆಚ್ಚು ಜಾಣರು. ತಮ್ಮ ಮಕ್ಕಳಿಗೆ 2021ರಿಂದ ವಾರಕ್ಕೆ ಮೂರೇ ಗಂಟೆ: ಶುಕ್ರವಾರ, ಶನಿವಾರ, ರವಿವಾರ ರಾತ್ರಿ ಎಂಟರಿಂದ ಒಂಬತ್ತು. ಆ ಕಟ್ಟುನಿಟ್ಟು ಸರ್ವಾಧಿಕಾರದ ಕಟ್ಟುನಿಟ್ಟು, ಅದನ್ನು ಹೊಗಳುವ ಇರಾದೆ ಇಲ್ಲ. ಆದರೆ ಮಾರುವವನು ತನ್ನ ಮನೆಯಲ್ಲಿ ಎಷ್ಟು ತಿನ್ನುತ್ತಾನೆ ಎಂದು ನೋಡಿ ಕೊಳ್ಳುವುದು ಸಂತೆಯ ಹಳೆಯ ಬುದ್ಧಿ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಆಟದ ಚೀನೀ ರೂಪವನ್ನು ಪದಕದ ಸ್ಪರ್ಧೆಯಾಗಿ ಇಟ್ಟಾಗ ಅದರಿಂದ ಒಂದು ಸಂಗತಿಯನ್ನು ತೆಗೆದುಹಾಕಿದ್ದರು. ಆಟಗಾರರು ಒಬ್ಬರಿಗೊಬ್ಬರು ಗುಂಡು ಹಾರಿಸುವಂತಿರಲಿಲ್ಲ, ಗುರಿಫಲಕಗಳಿಗೆ ಹೊಡೆಯಬೇಕಿತ್ತು. ಮನುಷ್ಯನನ್ನು ಗುರಿ ಮಾಡದೆಯೂ ಈ ಆಟ ಆಡಬಹುದು ಎಂದಾಯಿತು. ಹಾಗಿದ್ದ ಮೇಲೆ ನಮ್ಮ ಓಣಿಯ ಮಕ್ಕಳಿಗೆ ಮನುಷ್ಯರನ್ನೇ ಗುರಿಯಾಗಿ ಕೊಡುವುದೇಕೆ?

ಇಷ್ಟು ಹೇಳಿದ ತಕ್ಷಣ "ಆಟ ಆಡಿದವರು ಕೊಲೆಗಾರರಾಗುತ್ತಾರೆ" ಎಂಬ ವಾದಕ್ಕೆ ನನ್ನನ್ನು ಯಾರೂ ಸಾಕ್ಷಿಯಾಗಿ ಕರೆಯಬಾರದು. 2019ರ ಸೆಪ್ಟೆಂಬರಿನಲ್ಲಿ ಬೆಳಗಾವಿಯ ಸಮೀಪದ ಕಾಕತಿಯಲ್ಲಿ ಯುವಕನೊಬ್ಬ ತಂದೆಯನ್ನು ಕೊಂದಾಗ, ಮೊಬೈಲ್ ಆಟ ಬೇಡವೆಂದದ್ದೇ ಕಾರಣವೆಂದು ಸುದ್ದಿಯಾಯಿತು. ಭೀಕರ ಘಟನೆ. ಟಿವಿಗಳು ವಾರಗಟ್ಟಲೆ ಅರಚಿದವು. ಆದರೆ ಕೋಟಿಗಟ್ಟಲೆ ಹುಡುಗರು ಆಡಿದ ಆಟ ಅದು. ಅವರಲ್ಲಿ ಒಬ್ಬನ ಕೃತ್ಯವನ್ನು ಹಿಡಿದು ಎಲ್ಲರ ಮುಖದಲ್ಲೂ ಕೊಲೆಗಾರನನ್ನು ಕಾಣುವ ತರ್ಕ ಎಂಥದ್ದೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ವಿರುದ್ಧ ಬಳಕೆಯಾದಾಗ ಅನ್ಯಾಯ ಎನ್ನುವ ತರ್ಕವನ್ನು ನಮ್ಮ ಮಕ್ಕಳ ವಿರುದ್ಧ ನಾವೇ ಬಳಸುವುದು ಬೇಡ.

ನನ್ನ ತಕರಾರು ಬೇರೆ. ಈ ಆಟಗಳಲ್ಲಿ ಎದುರಾಳಿ ಯಾರು ಎಂದು ನೋಡಿ. 2002ರ ಜುಲೈ 4ರಂದು ಅಮೆರಿಕದ ಸೈನ್ಯವೇ ಒಂದು ಆಟವನ್ನು ಉಚಿತವಾಗಿ ಹಂಚಿತು. ಹೆಸರು ಅಮೆರಿಕಾಸ್ ಆರ್ಮಿ. ಸೈನ್ಯಕ್ಕೆ ಹುಡುಗರನ್ನು ಸೆಳೆಯುವುದೇ ಉದ್ದೇಶ, ಅದನ್ನವರು ಮುಚ್ಚಿಡಲೂ ಇಲ್ಲ. ಅದರಲ್ಲೊಂದು ಚಮತ್ಕಾರವಿತ್ತು. ಎರಡು ತಂಡಗಳು ಕಾದಾಡುವಾಗ ಎರಡೂ ತಂಡದವರಿಗೆ ತಮ್ಮ ಪರದೆಯ ಮೇಲೆ ತಾವೇ ಅಮೆರಿಕದ ಸೈನಿಕರಾಗಿ ಕಾಣುತ್ತಿದ್ದರು, ಎದುರಿನವರು ಶತ್ರುಗಳಾಗಿ ಕಾಣುತ್ತಿದ್ದರು. ಯಾರೂ ಒಂದು ಕ್ಷಣಕ್ಕೂ ಆಚೆ ಬದಿಯವನಾಗಬೇಕಾದ ಪ್ರಮೇಯವೇ ಇಲ್ಲ! ಒಂಬತ್ತು ತಿಂಗಳೊಳಗೆ, 2003ರ ಮಾರ್ಚಿನಲ್ಲಿ, ನಿಜವಾದ ಸೈನ್ಯ ಇರಾಕಿಗೆ ನುಗ್ಗಿತು. ಆಟವನ್ನು 2022ರವರೆಗೆ ನಡೆಸಿ ನಿಲ್ಲಿಸಿದರು. ಅರಬರ ಬೀದಿ, ಅರಬರ ಮನೆ, ಓಡಿ ಬರುವ ಗಡ್ಡದ ಮನುಷ್ಯ, ಗುಂಡು — ಎಷ್ಟು ಆಟಗಳಲ್ಲಿ ಈ ದೃಶ್ಯ ಬಂದಿದೆಯೋ ಲೆಕ್ಕವಿಲ್ಲ. 2004ರಲ್ಲಿ ಸಾವಿರಾರು ಜನ ಸತ್ತ ಫಲ್ಲೂಜಾ ಪಟ್ಟಣವೂ ಆಟವಾಗಿದೆ. ವಿವಾದದಿಂದಾಗಿ 2009ರಲ್ಲಿ ಒಂದು ಕಂಪೆನಿ ಅದರ ಕೈಬಿಟ್ಟಿತು, 2023ರಲ್ಲಿ ಇನ್ನೊಂದು ಮಾರುಕಟ್ಟೆಗೆ ಬಿಟ್ಟಿತು.

ಇದಕ್ಕೆ ನಮ್ಮ ಪ್ರತಿಭಟನೆ ಎಂಥದ್ದು? 2020ರಲ್ಲಿ ಪಬ್‌ಜಿಯಲ್ಲಿ ಒಂದು ವಿಗ್ರಹದಂಥ ಕಂಬದ ಮುಂದೆ ಆಟಗಾರನ ಬೊಂಬೆ ನಮಿಸುತ್ತದೆ ಎಂದು ಕೊಲ್ಲಿ ರಾಷ್ಟ್ರಗಳಲ್ಲಿ ಗದ್ದಲವಾಯಿತು. ಕಂಪೆನಿ ತಕ್ಷಣ ತೆಗೆದುಹಾಕಿತು. 2021ರಲ್ಲಿ ಕಾಲ್ ಆಫ್ ಡ್ಯೂಟಿ ಎಂಬ ಆಟದ ಒಂದು ನೆಲದ ಮೇಲೆ ಪವಿತ್ರ ಕುರ್‌ಆನಿನ ಹಾಳೆಗಳು ಬಿದ್ದಿರುವುದು ಕಂಡಿತು. ಕಂಪೆನಿ ಅರಬಿ ಭಾಷೆಯಲ್ಲಿ ಕ್ಷಮೆ ಕೇಳಿತು, ಹಾಳೆಗಳನ್ನು ತೆಗೆಯಿತು. ನೋವು ನ್ಯಾಯವಾದದ್ದೇ, ಕ್ಷಮೆ ಕೇಳಿದ್ದೂ ಸರಿಯೇ. ಆದರೆ ನೆಲದ ಮೇಲಿನ ಹಾಳೆಗೆ ಕ್ಷಮೆ ಕೇಳಿಸಿಕೊಂಡ ನಾವು, ಅದೇ ನೆಲದ ಮೇಲೆ ಬೀಳುತ್ತಲೇ ಇರುವ ಮನುಷ್ಯರ ಬಗ್ಗೆ ಯಾಕೆ ಏನೂ ಕೇಳಲಿಲ್ಲ? ಕುರ್‌ಆನಿನಲ್ಲಿ ಒಬ್ಬ ನಿರಪರಾಧಿಯ ಜೀವಕ್ಕೆ ಎಷ್ಟು ಬೆಲೆ ಹೇಳಿದೆಯೆಂದು ಶುಕ್ರವಾರದ ಪ್ರವಚನಗಳಲ್ಲಿ ಕೇಳುತ್ತಲೇ ಬೆಳೆದವರಲ್ಲವೇ ನಾವು? ಕಂಪೆನಿಗಳಿಗೆ ನಮ್ಮ ಸ್ವಭಾವ ಚೆನ್ನಾಗಿ ಗೊತ್ತಾಗಿದೆ. ಸಂಕೇತ ಮುಟ್ಟಿದರೆ ಎದ್ದು ಕೂಗುತ್ತಾರೆ, ಉಳಿದದ್ದಕ್ಕೆ ಸುಮ್ಮನಿರುತ್ತಾರೆ ಎಂಬುದು.

ಯುದ್ಧದ ಕಥೆಯೇ ಬೇಡ ಎನ್ನುವವನಲ್ಲ ನಾನು. ಗದಗಿನ ಬಗ್ಗೆ ಬರೆಯುತ್ತ ಹಾಗೆನ್ನುವುದು ಸಾಧ್ಯವೂ ಇಲ್ಲ. ಕನ್ನಡದ ಅತಿ ದೊಡ್ಡ ಯುದ್ಧಕಾವ್ಯ ಹುಟ್ಟಿದ್ದೇ ಆ ಊರಿನ ವೀರನಾರಾಯಣ ಗುಡಿಯಲ್ಲಿ. ಕುಮಾರವ್ಯಾಸ ಒರಗಿ ಕೂತು ಬರೆದನೆಂದು ಹೇಳುವ ಕಂಬವನ್ನು ಇಂದೂ ತೋರಿಸುತ್ತಾರೆ. ಅವನ ಭಾರತದಲ್ಲಿ ರಥ, ಆನೆ, ಬಿಲ್ಲು, ರಕ್ತ ಏನು ಕಡಿಮೆ ಇದೆಯೇ? ಹಾಗೆಯೇ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸುತ್ತಲ ಹಳ್ಳಿಗಳಲ್ಲಿ ಮೊಹರಂ ಬಂದರೆ ರಿವಾಯತ್ ಪದಗಳನ್ನು ಹಾಡುತ್ತಾರೆ. ಹಾಡುವವರಲ್ಲಿ ಲಿಂಗಾಯತರಿರುತ್ತಾರೆ, ಕುರುಬರಿರುತ್ತಾರೆ, ವಾಲ್ಮೀಕಿ ಸಮುದಾಯದವರಿರುತ್ತಾರೆ. ಪಂಜಾ ಕೂರಿಸುವುದು ಸರಿಯೇ ತಪ್ಪೇ ಎಂಬ ಚರ್ಚೆ ನಮ್ಮ ಪತ್ರಿಕೆಗಳಲ್ಲಿ ಬೇಕಾದಷ್ಟು ನಡೆದಿದೆ, ಇಲ್ಲಿ ಅದು ಬೇಡ. ನಾನು ಹೇಳುತ್ತಿರುವುದು ಆ ಪದಗಳಲ್ಲಿ ಕರ್ಬಲಾ ಹೇಗೆ ಬರುತ್ತದೆ ಎಂಬುದನ್ನು. ಮದುಮಗ ಖಾಸಿಂ ಸತ್ತರೆ ಅವನ ಹೆಂಡತಿ ಬರುತ್ತಾಳೆ, ತಾಯಿ ಬರುತ್ತಾಳೆ. ಕುಮಾರವ್ಯಾಸನಲ್ಲಿ ಅಭಿಮನ್ಯು ಸತ್ತರೆ ಸುಭದ್ರೆ ಬರುತ್ತಾಳೆ. ಮಹಾರಥಿಗಳು ಸುತ್ತುವರಿದು ಒಬ್ಬ ಹುಡುಗನನ್ನು ಕೊಂದದ್ದು ಅನ್ಯಾಯ ಎಂಬುದು ಆರು ಶತಮಾನ ಕಳೆದರೂ ಗಮಕ ಕೇಳುವವನ ಎದೆಯಲ್ಲಿ ಚುಚ್ಚುತ್ತದೆ. ಸತ್ತವನಿಗೆ ಹೆಸರಿದೆ, ಮನೆ ಇದೆ, ಅಳುವವರಿದ್ದಾರೆ. ಯುದ್ಧದ ಕಥೆಯನ್ನು ಈ ಮಣ್ಣಿನ ಹಿಂದೂಗಳೂ ಮುಸಲ್ಮಾನರೂ ಹೇಳಿಕೊಂಡು ಬಂದದ್ದು ಹೀಗೆ.

ಪಬ್‌ಜಿಯಲ್ಲಿ ಸತ್ತವನು ಏನಾಗುತ್ತಾನೆ ಗೊತ್ತೇ? ಪೆಟ್ಟಿಗೆಯಾಗುತ್ತಾನೆ. ಬಿದ್ದ ಜಾಗದಲ್ಲಿ ದೇಹ ಇರುವುದಿಲ್ಲ, ಒಂದು ಪೆಟ್ಟಿಗೆ ಇರುತ್ತದೆ. ಕೊಂದವನು ಓಡಿಬಂದು ಅದನ್ನು ತೆರೆದು ಅವನ ಗುಂಡು, ಔಷಧಿ, ಹೆಲ್ಮೆಟ್ಟು ಬಾಚಿಕೊಳ್ಳುತ್ತಾನೆ. ಅಳಲು ಸಮಯವಿಲ್ಲ, ನೀಲಿ ವರ್ತುಲ ಕುಗ್ಗುತ್ತಿದೆ. ತಂಡದ ಗೆಳೆಯ ಸತ್ತರೂ ಮೊದಲು ಅವನ ಪೆಟ್ಟಿಗೆಯಿಂದ ಒಳ್ಳೆಯ ಬಂದೂಕನ್ನು ಎತ್ತಿಕೊಳ್ಳಬೇಕು. ಈ ಆಟವನ್ನು ರೂಪಿಸಿದ ಐರಿಷ್ ಮನುಷ್ಯ ಬ್ರೆಂಡನ್ ಗ್ರೀನ್‌ಗೆ ಸ್ಫೂರ್ತಿಯಾದದ್ದು 2000ದ ಇಸವಿಯ ಬ್ಯಾಟಲ್ ರಾಯಲ್ ಎಂಬ ಜಪಾನೀ ಸಿನೆಮಾ. ಅದರಲ್ಲಿ ಸರಕಾರವೇ ಒಂದು ತರಗತಿಯ ಮಕ್ಕಳನ್ನು ದ್ವೀಪಕ್ಕೆ ತಳ್ಳಿ, ಪರಸ್ಪರ ಕೊಂದು ಕೊನೆಗೆ ಒಬ್ಬನೇ ಉಳಿಯಬೇಕು ಎನ್ನುತ್ತದೆ. ಮಕ್ಕಳ ಮೇಲೆ ದೊಡ್ಡವರು ನಡೆಸುವ ಕ್ರೌರ್ಯದ ಬಗೆಗಿನ ಕಥೆ ಅದು. ಕಥೆಯ ಆಕ್ರೋಶ ಕಳಚಿಬಿತ್ತು, ದ್ವೀಪವೊಂದೇ ಆಟಕ್ಕೆ ಉಳಿಯಿತು. ಗ್ರೀನ್ ತನ್ನ ಮಗಳ ಹೆಸರಿನಿಂದಲೇ ಎರಾಂಗೆಲ್ ಎಂದು ಆ ದ್ವೀಪಕ್ಕೆ ಹೆಸರಿಟ್ಟ! ಇರಾಕಿನ ಸಂಸತ್ತು 2019ರ ಏಪ್ರಿಲಿನಲ್ಲಿ ಈ ಆಟವನ್ನು ನಿಷೇಧಿಸಿದಾಗ ಅಲ್ಲಿನ ಯುವಕರೇ ಸರಕಾರವನ್ನು ಗೇಲಿ ಮಾಡಿದರಂತೆ. ನಿಜವಾದ ಬಂದೂಕುಗಳನ್ನು ಹಿಡಿಯಲಾಗದವರು ಮೊಬೈಲಿನ ಬಂದೂಕು ಹಿಡಿಯಲು ಬಂದರು ಎಂದು. ಅವರ ಗೇಲಿಯಲ್ಲಿ ಸತ್ಯವಿದೆ. ಆದರೆ ಅಷ್ಟು ಹೆಣ ಕಂಡ ದೇಶಕ್ಕೆ ಹೆಣವನ್ನು ಪೆಟ್ಟಿಗೆ ಮಾಡುವ ಆಟ ಸಹಿಸಲಾಗದೆ ಹೋದದ್ದರಲ್ಲೂ ಇದೆ.

ಆದರೂ ಹುಡುಗರು ಯಾಕೆ ಹೋಗುತ್ತಾರೆ? ಗೆಳೆಯರಿಗಾಗಿ. ಬೆಟಗೇರಿಯ ನೇಕಾರರ ಮನೆಯವನು, ಲಕ್ಷ್ಮೇಶ್ವರದ ಹಣ್ಣಿನ ವ್ಯಾಪಾರಿಯ ಮಗ, ಹುಬ್ಬಳ್ಳಿಯ ಹಾಸ್ಟೆಲಿನಲ್ಲಿರುವವನು, ಭಟ್ಕಳದವನು — ನಾಲ್ವರೂ ಒಂದೇ ತಂಡ. ಒಬ್ಬನ ಹೆಸರು ಮಹೇಶ, ಇನ್ನೊಬ್ಬನದು ರಫೀಕ್ ಎಂಬುದು ಅಲ್ಲಿ ತೊಡಕಾಗುವುದಿಲ್ಲ. ಬಿದ್ದವನನ್ನು ಎಬ್ಬಿಸಬೇಕು, ಅಷ್ಟೇ. ದ್ವೇಷ ಬಿಟ್ಟು ಪ್ರೀತಿ ಮಾಡಿ ಎಂದು ಸಾರುತ್ತ ಬಂದ ಫಕೀರೇಶ್ವರ ಮಠ ಇರುವ ಶಿರಹಟ್ಟಿಯ ನಾಡಿನಲ್ಲಿ, ಹಿಂದೂ ಮುಸ್ಲಿಂ ಹುಡುಗರು ಜೊತೆಯಾಗಿ ಸಂಜೆ ಕಳೆಯುವ ಜಾಗ ಒಂದು ಕೊರಿಯನ್ ಕಂಪೆನಿಯ ದ್ವೀಪವಾಗಿದೆ ಎಂದರೆ ನಾಚಬೇಕಾದವರು ಯಾರು? ಹುಡುಗರಂತೂ ಅಲ್ಲ. ಆ ದ್ವೀಪ ಸ್ವರ್ಗವೇನೂ ಅಲ್ಲ ಎಂಬುದನ್ನೂ ಹೇಳಬೇಕು. ಅದೇ ಇಯರ್‌ಫೋನಿನಲ್ಲಿ ಅಪರಿಚಿತರು ತಾಯಿ ತಂಗಿಯರ ಹೆಸರೆತ್ತಿ ಬಯ್ಯುತ್ತಾರೆ, ಜಾತಿ ಧರ್ಮ ಹಿಡಿದು ಬಯ್ಯುತ್ತಾರೆ. ಹೆಣ್ಣುಮಕ್ಕಳು ಆಡಿದರೆ ಧ್ವನಿ ಮುಚ್ಚಿಕೊಂಡೇ ಆಡಬೇಕು.

ನೆಲದ ಮೇಲಿನ ಬಯಲು ಎಲ್ಲಿ ಹೋಯಿತು? ಗದಗಿನಲ್ಲಿ ಹುಟ್ಟಿದ ಸುನೀಲ್ ಜೋಶಿ ಹುಡುಗನಾಗಿದ್ದಾಗ ದಿನವೂ ಬೆಳಿಗ್ಗೆ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರು. ಮುಂದೆ ಭಾರತಕ್ಕೆ ಆಡಿದರು. ಇದನ್ನು ನಾವು ಸಾಹಸದ ಕಥೆಯಾಗಿ ಮಕ್ಕಳಿಗೆ ಹೇಳುತ್ತೇವೆ. ಒಬ್ಬ ಹುಡುಗ ಚೆಂಡು ಎಸೆಯುವುದಕ್ಕೆ ಅಷ್ಟು ದೂರ ಹೋಗಬೇಕಾಗಿ ಬಂದದ್ದು ಊರಿನ ಕೊರತೆಯ ಕಥೆಯೂ ಹೌದಲ್ಲವೇ? ಕಾಲೇಜಿಗೊಂದು ಮೈದಾನ ಇರುತ್ತದೆ, ಕಾಂಪೌಂಡಿಗೆ ಬೀಗ ಇರುತ್ತದೆ. ಗರಡಿಮನೆಗಳು ಮುಚ್ಚುತ್ತ ಬಂದವು. ಕೆರೆಯಂಗಳ, ಗೋಮಾಳ ಲೇಔಟ್ ಆದವು. ಮಂಗಳೂರಿನ ಓದುಗರಿಗೆ ಗದಗ, ಮುಂಡರಗಿಯ ಜನ ಗೊತ್ತಿರುವುದು ಕಟ್ಟಡದ ಕೆಲಸದಲ್ಲಿ, ಗೋವಾದವರಿಗೂ ಹಾಗೆಯೇ. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ದುಡಿಯಲು ಹೋದರೆ ಅಜ್ಜಿಯ ಬಳಿ ಉಳಿದ ಮಗನಿಗೂ ಅವರಿಗೂ ನಡುವೆ ಇರುವ ಒಂದೇ ದಾರ ಆ ಮೊಬೈಲು. ಅದನ್ನು ಕಸಿದುಕೊಳ್ಳಿ ಎಂದು ಬೆಂಗಳೂರಿನ ಸ್ಟುಡಿಯೋದಲ್ಲಿ ಕುಳಿತು ಹೇಳುವುದು ಸುಲಭ. 2020ರಲ್ಲಿ ಶಾಲೆ ಮುಚ್ಚಿದಾಗ ಮೊಬೈಲೇ ಶಾಲೆ ಎಂದು ಹೇಳಿದವರೂ ನಾವೇ. ಎಷ್ಟೋ ಮನೆಗಳಲ್ಲಿ ತಾಯಿ ಓಲೆ ಅಡವಿಟ್ಟು ಮಗನ ಕೈಗೆ ಫೋನು ಕೊಟ್ಟದ್ದು ಆಗ.

ಗೀಳು ಹತ್ತಿದ ಹುಡುಗನಿಗೆ ಬೇಕಾದದ್ದು ಬೈಗುಳವಲ್ಲ, ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 2019ರ ಮೇಯಲ್ಲಿ, ಅಂದರೆ ಗದಗಿನ ಸುದ್ದಿ ಬಂದ ಎರಡೇ ತಿಂಗಳಲ್ಲಿ, ಆಟದ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿತು. ಆಡಿದವರೆಲ್ಲ ರೋಗಿಗಳಲ್ಲ. ಓದು, ಊಟ, ನಿದ್ದೆ, ಸಂಬಂಧ ಎಲ್ಲ ಕುಸಿದರೂ ನಿಲ್ಲಿಸಲಾಗದೆ ಸುಮಾರು ಒಂದು ವರ್ಷ ಕಳೆದರೆ ಅದು ರೋಗ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೊಂದು ಪ್ರತ್ಯೇಕ ಚಿಕಿತ್ಸಾಲಯವಿದೆ. ಮುಂಡರಗಿಯ ತಾಯಿಗೆ ಅದು ಒಂದು ರಾತ್ರಿಯ ರೈಲು, ಎರಡು ದಿನದ ಕೂಲಿ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆಯುತ್ತಿದ್ದ ಮಗ ಇದ್ದಕ್ಕಿದ್ದಂತೆ ಉತ್ತರಪತ್ರಿಕೆಯಲ್ಲಿ ಆಟದ ವಿವರ ಬರೆದುಬಂದರೆ ಅದು ತಮಾಷೆಯಲ್ಲ, ಮೊರೆ. ಮೌಲ್ಯಮಾಪನದ ಕೊಠಡಿಯಿಂದ ಅದು ಹೋಗಬೇಕಿದ್ದದ್ದು ಆಪ್ತ ಸಲಹೆಗಾರರ ಬಳಿಗೆ. ಹೋದದ್ದು ಪತ್ರಿಕೆಗೆ.

ಏನು ಮಾಡಬಹುದು ಎಂದು ಕೇಳುವವರಿಗೆ ಹೇಳುವುದು ಇಷ್ಟು. ಆಟಗಾರನನ್ನಲ್ಲ, ಮಾರುವವನನ್ನು ಹಿಡಿಯಿರಿ. ಹದಿನೆಂಟರೊಳಗಿನವರಿಗೆ ಅದೃಷ್ಟಪೆಟ್ಟಿಗೆಯ ಮಾರಾಟ ಪೂರ್ತಿ ನಿಲ್ಲಬೇಕು. 7,000 ಅಲ್ಲ, ಏಳು ರೂಪಾಯಿಯದೂ ಬೇಡ. ಪ್ರತಿ ಪದವಿಪೂರ್ವ ಕಾಲೇಜಿಗೆ ತಾಲೂಕು ಮಟ್ಟದಲ್ಲಾದರೂ ಒಬ್ಬ ಆಪ್ತ ಸಲಹೆಗಾರ ಬೇಕು. ಶಾಲೆಯ ಮೈದಾನದ ಬೀಗದ ಕೈ ಸಂಜೆ ಐದರಿಂದ ಏಳರವರೆಗೆ ಓಣಿಯ ಹುಡುಗರ ಬಳಿ ಇರಬೇಕು. ಇನ್ನು ನಮ್ಮ ಜಮಾಅತ್‌ಗಳು. ವಕ್ಫ್‌ನ ಖಾಲಿ ಜಾಗ ಕಂಡರೆ ಸಾಲುಮಳಿಗೆ ಕಟ್ಟಿ ಬಾಡಿಗೆ ಎಣಿಸುವ ಆತುರದಲ್ಲಿ, ಆ ಬಾಡಿಗೆಯಿಂದ ಯಾರ ಒಳಿತಿಗಾಗಿ ದುಡ್ಡು ಕೂಡಿಸುತ್ತಿದ್ದೇವೆಯೋ ಆ ಮಕ್ಕಳಿಗೇ ನಿಲ್ಲಲು ನೆಲ ಇಲ್ಲದಾಗಿದೆ. ಅಸರ್‌ನಿಂದ ಮಗ್ರಿಬ್‌ವರೆಗೆ ವಾಲಿಬಾಲ್ ಬಲೆ ಕಟ್ಟುವಷ್ಟು ಜಾಗ ಬಿಟ್ಟರೆ ಸಾಕು, ಮಹೇಶನೂ ರಫೀಕನೂ ಕೂಡಿ ಆಡುತ್ತಾರೆ. ಮಠಗಳಿಗೂ ಇದೇ ಮಾತು. 1905ರಲ್ಲಿ, ಸಾಹುಕಾರರ ಬಡ್ಡಿಯಿಂದ ತಪ್ಪಿಸಿಕೊಳ್ಳಲು ಕಣಗಿನಹಾಳದ ರೈತರು ತಾವೇ ಕೂಡಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ಇದು. ಒಂದು ಬಯಲು ಉಳಿಸಿಕೊಳ್ಳಲು ಬೆಂಗಳೂರಿನ ಆದೇಶಕ್ಕೆ ಕಾಯಬೇಕಾಗಿಲ್ಲ. ಈ ವರ್ಷದ ರಜೆ ಶುರುವಾಗುವ ಮೊದಲು ಲಕ್ಷ್ಮೇಶ್ವರದಲ್ಲೋ ಮುಂಡರಗಿಯಲ್ಲೋ ಯಾವ ಮೈದಾನಕ್ಕೆ ಬೀಗ ಬಿದ್ದಿದೆ, ಬೀಗದ ಕೈ ಯಾರ ಬಳಿ ಇದೆ ಎಂದು ವಿಚಾರಿಸುವ ನಾಲ್ಕು ಜನ ಹಿರಿಯರು ಹೊರಟರೆ, ಅವರದೂ ಒಂದು ತಂಡವೇ.